ಮೂರನೇ ಬೋಲ್ಟು

ಬಾಟಲಿಯಲ್ಲಿ ಗುಳ್ಳೆ ನಿಂತಿತೆಂದರೆ ಕೆಲಸ ಮುಗಿಯಿತೆಂದೇ ನಮ್ಮ ಶೆಡ್ಡಿನ ನಂಬಿಕೆ. ಗಾಳಿಯಾಡದ ಉಕ್ಕಿನ ಡ್ರಮ್ಮಿನಲ್ಲಿ ಮರದ ಹೊಟ್ಟು ಕಾಯುತ್ತದೆ. ಅದರ ಹಬೆ ವೇಗವರ್ಧಕದ ಬಿಳಿ ಪುಡಿಯನ್ನು ಹಾದು, ಕೊಳವೆಯಲ್ಲಿ ತಣಿದು, ಕರಿ ಎಣ್ಣೆಯಾಗಿ ಕ್ಯಾನಿಗೆ ಇಳಿಯುತ್ತದೆ. ಎಣ್ಣೆಯಾಗದ ಅನಿಲ ಬಾಟಲಿಯ ನೀರಿನಲ್ಲಿ ಬುಳಬುಳನೆ ಹೊರಟುಹೋಗುತ್ತದೆ. ಅದು ನಿಂತ ಮೇಲೆ ಹೀಟರ್ ಆರಿಸಿ, ಎರಡು ಗಂಟೆ ಬಿಟ್ಟು ಅಣ್ಣ ಮುಚ್ಚಳ ತೆಗೆಯುತ್ತಾನೆ. ಮುಚ್ಚಳ ಅವನದು, ಕೊಳವೆ ನನ್ನದು.

ಕೊಳವೆಯ ಬಾಗಿನಲ್ಲಿ ಅಂಟುವ ಟಾರನ್ನು ಪ್ರತಿ ಸಲವೂ ತಂತಿ ಬ್ರಶ್ಶಿನಿಂದ ಉಜ್ಜಬೇಕು. "ಕೊಳವೆ ಆಯ್ತಾ?" ಎಂದು ಅವನು ಕೇಳುವುದು, "ಆಯ್ತು" ಎಂದು ನಾನು ಹೇಳುವುದು ಆರು ವರ್ಷದ ರೂಢಿ. ಇವತ್ತು ಬೆಳಿಗ್ಗೆಯೂ ಹೇಳಿದ್ದೆ. ಉಜ್ಜಿರಲಿಲ್ಲ. ಸೋಮಾರಿತನ, ಬೇರೇನೂ ಅಲ್ಲ.

ಗುಳ್ಳೆ ಬೇಗ ನಿಂತಿತು. "ಹೊಟ್ಟು ಚೆನ್ನಾಗಿ ಒಣಗಿತ್ತು ಅನ್ಸುತ್ತೆ" ಎಂದ ಅಣ್ಣ. ಎರಡು ಗಂಟೆ ಕಳೆದು ಕೈಗವಸು ತೊಟ್ಟು, ಸ್ಪಾನರ್ ಹಿಡಿದು ಡ್ರಮ್ಮಿನ ಮೇಲೆ ಬಗ್ಗಿದ. ನಾನು ಕ್ಯಾನ್ ಎತ್ತಿದೆ. ಎರಡು ಲೀಟರ್ ಇರಬೇಕಾದಲ್ಲಿ ಒಂದು ಲೋಟದಷ್ಟೂ ಇರಲಿಲ್ಲ.

ಎಣ್ಣೆ ಬಂದಿಲ್ಲವೆಂದರೆ ಅನಿಲವೂ ಬಂದಿಲ್ಲ. ಬಾಗು ಕಟ್ಟಿಕೊಂಡಿದೆ, ಎಲ್ಲ ಒಳಗೇ ಒತ್ತಿಕೊಂಡು ಕೂತಿದೆ. ಒತ್ತಡದ ಮಾಪಕ ಇರುವುದೂ ಬಾಗಿನ ಈಚೆಗೆ, ಬಾಟಲಿಯ ಕಡೆ. ಅದರ ಮುಳ್ಳು ಏನೂ ಅರಿಯದಂತೆ ಸೊನ್ನೆಯಲ್ಲಿತ್ತು.

ಹೇಳಬೇಕು. ಹೇಳಿದರೆ ಬೆಳಗಿನ ಸುಳ್ಳೂ ಹೊರಬೀಳುತ್ತದೆ. ಅಣ್ಣ ಮೊದಲ ಬೋಲ್ಟು ಬಿಚ್ಚಿ ಜೇಬಿಗೆ ಹಾಕಿದ. ನಾನು ಕ್ಯಾನ್ ಹಿಡಿದೇ ನಿಂತಿದ್ದೆ.

"ಏನೇ, ದೆವ್ವ ಮೆಟ್ಕೊಂಡವಳ ಹಾಗೆ ನಿಂತಿದೀಯ?" ಎಂದು ನಗುತ್ತ ಎರಡನೆಯದನ್ನೂ ಬಿಚ್ಚಿದ. ಅವನ ಮುಖ ಮುಚ್ಚಳದ ನೇರಕ್ಕಿತ್ತು. ಸ್ಪಾನರ್ ಮೂರನೆಯದಕ್ಕೆ ಕೂತಿತು.

"ಅಣ್ಣಾ, ಬಿಡು. ನಾನು ಕೊಳವೆ ಉಜ್ಜಿಲ್ಲ."

ಅವನು ಸ್ಪಾನರನ್ನು ಅಲ್ಲೇ ಬಿಟ್ಟು, ನನ್ನ ರಟ್ಟೆ ಹಿಡಿದು ಎಳೆದುಕೊಂಡು ಓಡಿದ. ಬಾಗಿಲು ದಾಟುವಾಗ ಹಿಂದೆ ಮುಚ್ಚಳದ ಅಂಚು ಸುಯ್ಯೆನ್ನತೊಡಗಿತು.

ರಸ್ತೆಯಾಚೆಯ ಗೋಡೆಯ ಮರೆಯಲ್ಲಿ ಕೂತೆವು. ಸುಟ್ಟ ವಾಸನೆ ಅಲ್ಲಿಯವರೆಗೂ ಬರುತ್ತಿತ್ತು. ಸುಯ್ಯೆನ್ನುವ ಸದ್ದು ಕಾಲು ಗಂಟೆಯ ಮೇಲೆ ಅಡಗಿತು.

"ಕ್ಯಾನ್ ಯಾವಾಗ ನೋಡ್ದೆ?" ಎಂದ ಅಣ್ಣ.

'ಈಗ ತಾನೇ' ಎನ್ನಲು ನಾಲಿಗೆ ಸಿದ್ಧವಾಗಿತ್ತು.

"ನೀನು ಮೊದಲ್ನೇದು ಬಿಚ್ಚೋಕೆ ಮುಂಚೆ."

ಅವನು ಜೇಬಿನಿಂದ ಎರಡು ಬೋಲ್ಟು ತೆಗೆದು ನನ್ನ ಅಂಗೈಯಲ್ಲಿಟ್ಟ. ಅವು ಇನ್ನೂ ಬಿಸಿಯಾಗಿದ್ದವು.