ಬೆನ್ನ ಹಿಂದಿನ ಬೋನು

ಫೋಟೋದವನು ಮದುವೆ ಮನೆಗಳಲ್ಲೇ ಪಳಗಿದವನು. ಮೃಗಾಲಯದಲ್ಲಿ ಚಿರತೆ ನೋಡಿಕೊಳ್ಳುವ ಅವನ ಅಕ್ಕನ ಗಂಡ, ಹೊಸ ಫಲಕಕ್ಕೊಂದು ಚಿತ್ರ ಬೇಕೆಂದು ಅವನನ್ನು ಕರೆಸಿದ್ದರು.

"ಎರಡೂ ಕಡೆ ಬೋನಿದೆ. ಓಣಿಯ ನಡುವೆ ನಿಂತೇ ತೆಗಿ," ಎಂದರು ಭಾವ.

"ಗಂಡಿನ ಕಡೆ ಬೀಗರಿಗಿಂತ ಜೋರಾ ಇವು?" ಎಂದು ನಕ್ಕ.

ಎದುರಿನ ಗಂಡು ಚಿರತೆ ಮೈಚಾಚಿ ಮಲಗಿತ್ತು. ಚಿತ್ರದೊಳಗೆ ಬಾಲ ಹಿಡಿಸಲಿಲ್ಲ. ಬೀಗರ ಗುಂಪನ್ನೆಲ್ಲ ಹಿಡಿಸಲು ಸದಾ ಹಿಂದೆ ಸರಿದು ರೂಢಿಯಾದ ಕಾಲುಗಳು, ಕಣ್ಣು ಕ್ಯಾಮೆರಾದಲ್ಲಿದ್ದಂತೆಯೇ ತಾವಾಗಿ ಹಿಂದೆ ಸರಿದವು. ಕೊರಳಿಗೆ ಹಾಕಿ ಬೆನ್ನಿಗೆ ಬಿಟ್ಟಿದ್ದ ಚೀಲವನ್ನು ಏನೋ ಜಗ್ಗಿತು. ಕತ್ತಿಗೆ ಬಿಸಿಯುಸಿರು ತಾಗಿತು.

"ತಿರುಗಬೇಡ ಮಾರಾಯ," ಭಾವನ ದನಿ ಬಾವಿಯೊಳಗಿಂದ ಬಂದಂತಿತ್ತು. "ಹೆಣ್ಣು ಚಿರತೆಯ ಉಗುರು ಚೀಲಕ್ಕೆ ಸಿಕ್ಕಿದೆ. ಮೆಲ್ಲಗೆ ಕುಕ್ಕರಿಸು, ಪಟ್ಟಿ ತಲೆ ಮೇಲಿಂದ ಕಳಚಲಿ."

ಅವನು ಮಂಡಿ ಬಗ್ಗಿಸಿದಷ್ಟೂ ಹಿಂದೆ ಗುರುಗುಟ್ಟುವಿಕೆ ಹೆಚ್ಚಿತು. ಪಟ್ಟಿ ಗಲ್ಲ, ಕಿವಿ, ಹಣೆ ಸವರಿಕೊಂಡು ಮೇಲೆ ಹೋದದ್ದೇ ತಡ, ಚೀಲ ಕಂಬಿಗೆ ಬಡಿದು ಪರ್ರನೆ ಹರಿಯಿತು.

ಭಾವ ಅವನನ್ನು ಈಚೆಗೆ ಎಳೆದುಕೊಂಡರು. "ಮುಗೀತು, ಏಳು. ಬಾಗಿಲು ಅಲ್ಲೇ ಇದೆ."

ಅವನು ಏಳಲಿಲ್ಲ.

"ಭಾವಾ," ಎಂದ, ಕಣ್ಣು ಮುಚ್ಚಿಕೊಂಡೇ. "ನೀವು ನನ್ನ ಹಿಂದೆ ನಿಂತ್ಕೊಳ್ಳಿ. ಆಮೇಲೆ ಏಳ್ತೀನಿ."