ಅರ್ಧ ಗಡ್ಡ

ಬೆಳಗಿನ ಹೊತ್ತು ದೊಡ್ಡವನ ಕೈಗೆ ಸಾಟಿ ಇರಲಿಲ್ಲ. ಇದನ್ನು ಅವನ ತಮ್ಮನೂ ಒಪ್ಪುತ್ತಿದ್ದ, ಆದ್ದರಿಂದ ನಿಜವೇ ಇರಬೇಕು. ಯಾಕೆಂದರೆ ಆ ಅಣ್ಣತಮ್ಮಂದಿರು ಬೇರೆ ಯಾವುದನ್ನೂ ಒಪ್ಪುತ್ತಿರಲಿಲ್ಲ. ಹೊರಗೆ ಬಿಸಿಲಿದೆ ಎಂದು ಒಬ್ಬ ಅಂದರೆ ಇನ್ನೊಬ್ಬ ಬಾಗಿಲಿಗೆ ಹೋಗಿ ನೋಡಿ ಬರುವ ಪೈಕಿ. ಮಧ್ಯಾಹ್ನ ಕಳೆದರೆ ಮಾತ್ರ ದೊಡ್ಡವ ಬೇರೆಯೇ ಮನುಷ್ಯ. ಕಣ್ಣು ಕೆಂಪು, ಮಾತು ಖಾರ, ಮೂಗಿನ ತುದಿಯಲ್ಲೇ ಸಿಟ್ಟು. ಬೀದಿಯವರು ವಯಸ್ಸು ಕಾರಣ ಅಂದರು, ಹೆಂಡತಿ ಹಟ ಕಾರಣ ಅಂದಳು. ಅವನನ್ನೇ ಕೇಳಿದರೆ ತಮ್ಮ ಕಾರಣ.

ಅವರ ಸಲೂನಿನಲ್ಲಿ ಎರಡು ಕುರ್ಚಿ. ಬಾಗಿಲ ಪಕ್ಕದ್ದು ಅಪ್ಪನದಾಗಿತ್ತು, ಈಗ ದೊಡ್ಡವನದು. ಒಳಗಿನದು ಚಿಕ್ಕವನದು. ಎರಡರ ಮುಂದೆಯೂ ಗೋಡೆಯುದ್ದಕ್ಕೆ ಒಂದೇ ಕನ್ನಡಿ. ಅಣ್ಣತಮ್ಮ ಮುಖ ಕೊಟ್ಟು ಮಾತಾಡುವುದು ಯಾವತ್ತೋ ನಿಂತಿತ್ತು. ಹೇಳಲೇಬೇಕಾದದ್ದು ಏನಾದರೂ ಇದ್ದರೆ ಕನ್ನಡಿಯೊಳಗಿನ ಮುಖಕ್ಕೆ ಹೇಳುತ್ತಿದ್ದರು. ಗಿರಾಕಿಗಳ ಎದುರು ಚಿಕ್ಕವ ಅಣ್ಣನನ್ನು 'ಆ ಕುರ್ಚಿಯವರು' ಅನ್ನುತ್ತಿದ್ದ. ದೊಡ್ಡವ ತಮ್ಮನನ್ನು ಏನೂ ಅನ್ನುತ್ತಿರಲಿಲ್ಲ, ಗಲ್ಲ ಎತ್ತಿ ಆ ಕಡೆ ತೋರಿಸುತ್ತಿದ್ದ, ಕಸದ ಬುಟ್ಟಿ ತೋರಿಸುವ ಹಾಗೆ.

ಅಪ್ಪನ ಒಂದು ನಿಯಮವನ್ನು ಮಾತ್ರ ಇಬ್ಬರೂ ಮುರಿದಿರಲಿಲ್ಲ. ದಿನಾ ಬೆಳಿಗ್ಗೆ ಶಟರ್ ಪೂರ್ತಿ ಎತ್ತುವ ಮೊದಲು ಅಣ್ಣ ತಮ್ಮನ ಗಡ್ಡ ಮಾಡಬೇಕು, ತಮ್ಮ ಅಣ್ಣನದು. ಒಡಹುಟ್ಟಿದವನ ಗಂಟಲ ಮೇಲೆ ಆಡಲಾರದ ಕೈ ಊರವರ ಗಂಟಲು ಮುಟ್ಟಬಾರದು ಅನ್ನುವುದು ಅಪ್ಪನ ಲೆಕ್ಕ. ಹಿಂದಿನ ರಾತ್ರಿ ಎಷ್ಟೇ ಬೈದಾಡಿಕೊಂಡಿದ್ದರೂ ಬೆಳಿಗ್ಗೆ ಒಬ್ಬ ಕೂತು ಕತ್ತು ಎತ್ತುತ್ತಿದ್ದ, ಇನ್ನೊಬ್ಬ ಬ್ಲೇಡು ಹಾಕುತ್ತಿದ್ದ.

ಇನ್ನು ದೊಡ್ಡವನ ಉಸಿರಿನ ಯಂತ್ರದ ವಿಷಯ. ನಿದ್ದೆಯಲ್ಲಿ ದೊಡ್ಡವನ ಗಂಟಲು ಮುಚ್ಚಿಕೊಂಡು ಉಸಿರು ಮತ್ತೆ ಮತ್ತೆ ನಿಲ್ಲುತ್ತದೆ ಎಂದು ಕಂಡುಹಿಡಿದ ಡಾಕ್ಟರು ಅದನ್ನು ಕೊಡಿಸಿದ್ದರು. ಮೂಗಿಗೆ ಒಂದು ಮಾಸ್ಕು, ಮಾಸ್ಕಿಗೆ ಒಂದು ಕೊಳವೆ, ಕೊಳವೆಯ ಆ ತುದಿಗೆ ಗಾಳಿ ಊದುವ ಸಣ್ಣ ಪೆಟ್ಟಿಗೆ. ಮನೆಯಲ್ಲಿ ಅದರ ಹೆಸರು ಸೊಂಡಿಲು. ಸೊಂಡಿಲು ಹಾಕಿಕೊಂಡು ಮಲಗಿದ ರಾತ್ರಿಗಳು ಸುಖವಾಗಿದ್ದವು, ಬೆಳಿಗ್ಗೆ ತಲೆ ಹೂವಿನಷ್ಟು ಹಗುರ. 'ಮಲಗಿದಾಗೆಲ್ಲ ಹಾಕ್ಕೊಳ್ಳಿ' ಎಂದು ಡಾಕ್ಟರು ಹೇಳಿದ್ದರು. ದೊಡ್ಡವ ಅದಕ್ಕೆ ತನ್ನದೇ ಭಾಷ್ಯ ಬರೆದಿದ್ದ. ಮಲಗುವುದು ಅಂದರೆ ರಾತ್ರಿ, ಹಾಸಿಗೆಯ ಮೇಲೆ, ದೀಪ ಆರಿಸಿ. ಊಟವಾದ ಮೇಲೆ ಅಂಗಡಿಯ ಕುರ್ಚಿಯನ್ನು ಹಿಂದಕ್ಕೆ ಬಾಗಿಸಿ, ಕಣ್ಣ ಮೇಲೆ ಟವೆಲು ಹಾಕಿಕೊಂಡು ಒರಗುವುದು ಮಲಗುವುದಲ್ಲ, ದಣಿವಾರಿಸಿಕೊಳ್ಳುವುದು. ಯಾರು ಏನು ಹೇಳಿದರೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಆ ದಣಿವು ಆರಿ ಎದ್ದಾಗ ಅವನಿಗೆ ಮೊದಲಿಗಿಂತ ಹೆಚ್ಚು ದಣಿವಾಗಿರುತ್ತಿತ್ತು. ಬಾಯಿ ಒಣಗಿ ನಾಲಗೆ ಅಂಗುಳಿಗೆ ಅಂಟಿರುತ್ತಿತ್ತು. ತಲೆಗೆ ಹಗ್ಗ ಬಿಗಿದು ಯಾರೋ ಎಳೆದಂತಾಗುತ್ತಿತ್ತು. ಆಮೇಲೆ ದೀಪ ಹಚ್ಚುವವರೆಗೂ ಜಗತ್ತಿನ ಜನರೆಲ್ಲ ಅವನನ್ನು ಕೆರಳಿಸಲಿಕ್ಕೇ ಹುಟ್ಟಿದವರು. ಗಿರಾಕಿ ಕೆಮ್ಮಿದರೆ ತಪ್ಪು, ಕೆಮ್ಮದೆ ಸುಮ್ಮನೆ ಕೂತರೂ ತಪ್ಪು. ಎಲ್ಲಕ್ಕಿಂತ ಹೆಚ್ಚಾಗಿ, ಒಳಗಿನ ಕುರ್ಚಿಯಿಂದ ಕನ್ನಡಿಯಲ್ಲಿ ತನ್ನನ್ನೇ ನೋಡುವ ಆ ಎರಡು ಕಣ್ಣು. ಬಾಗಿಲ ಕುರ್ಚಿಯ ಮೇಲೆ ಹಾಕಿದ ಕಣ್ಣು ಅದು, ಬೇರೇನು.

ಒಂದು ಸಂಜೆ ಬ್ಯಾಂಕಿನ ಗಾರ್ಡಿನ ದವಡೆಯ ಕೆಳಗೆ ಬ್ಲೇಡು ಕಚ್ಚಿತು. ನೊರೆ ಕೆಂಪಾಯಿತು.

"ಯಾಕೆ ಅಲ್ಲಾಡಿದ್ರಿ?" ಎಂದ ದೊಡ್ಡವ.

"ನಾನೆಲ್ಲಿ ಅಲ್ಲಾಡಿದೆ? ನೀವೇ ನಿಂತಲ್ಲೇ ಮುಗ್ಗರಿಸಿದ್ರಿ."

"ಅಲ್ಲಾಡದೆ ಗೀರು ಬೀಳುತ್ತಾ? ಎಷ್ಟು ವರ್ಷದಿಂದ ಮಾಡ್ತಿದೀನಿ ಈ ಕೆಲಸ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಚಿಕ್ಕವ ತನ್ನ ಗಿರಾಕಿಯನ್ನು ಬಿಟ್ಟು ಪಟಿಕದ ತುಂಡು ಹಿಡಿದು ಬಂದು ಗಾಯಕ್ಕೆ ಒತ್ತಿದ. ರಕ್ತ ನಿಂತಿತು. ದೊಡ್ಡವನ ರಕ್ತ ಕುದಿಯಿತು. "ನನ್ನ ಕುರ್ಚಿ ಹತ್ರ ಕಾಲಿಟ್ರೆ ಚೆನ್ನಾಗಿರಲ್ಲ" ಎಂದು ಕನ್ನಡಿಗೆ ಹೇಳಿದ. ಆಮೇಲೆ ಬಂದವರೆಲ್ಲ ಬೆಂಚಿನ ಮೇಲೆ ಸಾಲಾಗಿ ಕೂತು ಒಳಗಿನ ಕುರ್ಚಿಗಾಗಿ ಕಾದರು. ಬಾಗಿಲ ಕುರ್ಚಿ ಖಾಲಿ ಬಿದ್ದಿತ್ತು. ತಮ್ಮ ಊರೆಲ್ಲ ಸುತ್ತಿ ತನ್ನ ಮೇಲೆ ಚಾಡಿ ಹೇಳಿ ಬಂದಿದ್ದಾನೆ ಎಂದು ದೊಡ್ಡವನಿಗೆ ಖಾತ್ರಿಯಾಯಿತು.

ಮನೆಗೆ ಬಂದರೆ ಅಲ್ಲಿ ಇನ್ನೊಂದು ರಣರಂಗ. ಹೆಂಡತಿ ಸೊಂಡಿಲನ್ನು ತುಂಬಲು ಒಂದು ಕೈಚೀಲ ಹೊಲಿದು ಇಟ್ಟಿದ್ದಳು.

"ನಾಳೆಯಿಂದ ಇದು ನಿಮ್ಮ ಜೊತೆ ಅಂಗಡಿಗೆ ಬರುತ್ತೆ."

"ಬಸ್ಸಲ್ಲಿ ತೂಕಡಿಸಿದ್ರೆ ಅಲ್ಲೂ ಹಾಕ್ಕೊಳ್ಲಾ?"

"ಹಾಕ್ಕೊಳ್ಳಿ. ಯಾರು ಬೇಡ ಅಂದ್ರು?"

"ನಿನ್ನ ಮೈದುನ ಕಿವಿ ಊದಿದ್ನಾ?"

"ನನ್ನ ಕಿವಿ ಯಾರೂ ಊದಬೇಕಾಗಿಲ್ಲ. ಹೋದ ರಜೆ ದಿನ ಮಧ್ಯಾಹ್ನ ಇಲ್ಲೇ ಒರಗಿದ್ರಿ. ಎದ್ದು, ಪಾತ್ರೆ ಸದ್ದು ಮಾಡಿ ಎಬ್ಬಿಸಿದೆ ಅಂತ ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನ ಬೈದ್ರಿ. ನಾನು ಆಗ ಮಹಡಿ ಮೇಲೆ ಬಟ್ಟೆ ಒಣಗಿಸ್ತಿದ್ದೆ. ಅಡುಗೆಮನೇಲಿ ಯಾರೂ ಇರಲಿಲ್ಲ."

ವಾದದಲ್ಲಿ ಸೋತಾಗ ಗಂಡಸರು ಮಾಡುವುದನ್ನೇ ದೊಡ್ಡವ ಮಾಡಿದ, ತಟ್ಟೆ ದೂಡಿ ಎದ್ದ.

ಮರುದಿನ ಬೆಳಿಗ್ಗೆ ಚಿಕ್ಕವ ಅಣ್ಣನ ಗಡ್ಡ ಮಾಡಿ ಮುಗಿಸಿದ. ತನ್ನ ಸರದಿ ಬಂದಾಗ ಕೂರಲಿಲ್ಲ.

"ನಂದು ಸಂಜೆ ಮಾಡು" ಎಂದ, ಕನ್ನಡಿಗೆ.

"ನಿಯಮ ಇರೋದು ಬೆಳಿಗ್ಗೆಗೆ."

"ನಿಯಮ ಇರೋದು ಕೈಗೆ."

ಏನೋ ಹೂಟ ಹೂಡಿದ್ದಾನೆ ಎಂದು ದೊಡ್ಡವ ಅಂದುಕೊಂಡ. ಹೂಡಿದ್ದೂ ನಿಜ. ಊಟದ ಹೊತ್ತಿಗೆ ಶಟರ್ ಅರ್ಧ ಎಳೆದಾಗ ಬಾಗಿಲ ಕುರ್ಚಿಯ ಮುಂದಿನ ಹಲಗೆಯ ಮೇಲೆ, ಬಾಚಣಿಗೆ ಕತ್ತರಿಗಳ ನಡುವೆ, ಹೆಂಡತಿ ಹೊಲಿದ ಆ ಕೈಚೀಲ ಕೂತಿತ್ತು. ಅತ್ತಿಗೆಯಿಂದ ಅದನ್ನು ಇಸಿದುಕೊಂಡು ಬಂದವನು ಚಿಕ್ಕವನೇ. ದೊಡ್ಡವ ಚೀಲವನ್ನು ಎರಡು ಬೆರಳಲ್ಲಿ ಎತ್ತಿ, ಹಿಂಬದಿಗೆ ಹೋಗಿ, ನೆಲ ಒರೆಸುವ ಬಕೆಟ್ಟಿನ ಪಕ್ಕ ಇಟ್ಟು ಬಂದ. ಬಂದು ಕುರ್ಚಿ ಬಾಗಿಸಿ ಒರಗಿದ.

ಎದೆಯ ಮೇಲೆ ಯಾರೋ ಕೂತಿದ್ದರು. ತಳ್ಳಲು ಹೋದರೆ ಕೈ ಏಳಲಿಲ್ಲ. ಕಣ್ಣು ಬಿಟ್ಟಾಗ ಟವೆಲು ನೆಲದ ಮೇಲಿತ್ತು, ಚಿಕ್ಕವ ಅವನ ಎರಡೂ ಭುಜ ಹಿಡಿದು ಕುಲುಕುತ್ತಿದ್ದ.

"ಕತ್ತು ಹಿಸುಕೋಕೆ ಬಂದ್ಯಾ?"

"ಉಸಿರು ನಿಂತಿತ್ತು."

"ನಿಂತ್ರೆ ನಿನಗೆ ಒಳ್ಳೇದೇ ಅಲ್ವಾ. ಕುರ್ಚಿ ಸಿಗುತ್ತೆ."

ಚಿಕ್ಕವನ ಮುಖ ಬಿಳಿಚಿಕೊಂಡಿತು. ಅವನು ಹೋಗಿ ಶಟರನ್ನು ಧಡಾರನೆ ಮೇಲಕ್ಕೆತ್ತಿದ. ಹೊರಗೆ ಕಾಯುತ್ತಿದ್ದ ಮೇಷ್ಟ್ರು ಒಳಗೆ ಬಂದು ಬೆಂಚಿನ ಮೇಲೆ ಕೂತು ಪೇಪರ್ ಬಿಡಿಸಿದರು. ಬಾಗಿಲ ಕುರ್ಚಿಯ ಕಡೆ ಅವರು ನೋಡಲೂ ಇಲ್ಲ. ಇದೇ ಮೇಷ್ಟ್ರು ಅಪ್ಪನ ಕಾಲದಿಂದ ಆ ಕುರ್ಚಿ ಬಿಟ್ಟು ಬೇರೆಡೆ ಕೂತವರಲ್ಲ.

ದೊಡ್ಡವನ ತಲೆಯ ಹಗ್ಗ ಇನ್ನಷ್ಟು ಬಿಗಿಯಿತು. ಅವನು ಎಷ್ಟೋ ವರ್ಷಗಳ ಮೇಲೆ ಕನ್ನಡಿ ಬಿಟ್ಟು ತಮ್ಮನ ಮುಖಕ್ಕೇ ಹೇಳಿದ: "ಬಾ, ಕೂತ್ಕೋ. ಮೇಷ್ಟ್ರೇ ಸಾಕ್ಷಿ. ಒಂದೇ ಒಂದು ಗೀರು ಬಿದ್ರೂ ಇನ್ನು ಮಧ್ಯಾಹ್ನದ ಮೇಲೆ ನಾನು ಬ್ಲೇಡು ಮುಟ್ಟಲ್ಲ. ಬೀಳಲಿಲ್ವೋ, ನಿನ್ನ ಕತ್ತರಿ ಬಾಚಣಿಗೆ ಕಟ್ಕೊಂಡು ಈ ಅಂಗಡಿಯಿಂದ ಆಚೆ ನಡಿ."

"ಆಗ್ಲಿ" ಎಂದ ಚಿಕ್ಕವ.

ಮೇಷ್ಟ್ರು ಪೇಪರ್ ಮಡಿಸಿದರು. "ಏನಪ್ಪಾ ಇದು, ಗಂಟಲು ಇಟ್ಟು ಪಂದ್ಯ ಆಡ್ತೀರಾ?"

ಚಿಕ್ಕವ ಬಾಗಿಲ ಕುರ್ಚಿಯಲ್ಲಿ ಕೂತ. ದೊಡ್ಡವ ಬಿಳಿ ಬಟ್ಟೆ ಹೊದಿಸಿದ. ಎಲ್ಲ ಗಿರಾಕಿಗಳ ಕೈಯೂ ಬಟ್ಟೆಯ ಒಳಗಿರುತ್ತದೆ, ಇವನು ಮಾತ್ರ ಬಲಗೈಯನ್ನು ಹೊರಗೆ ಇಟ್ಟುಕೊಂಡ. ಅದೂ ಒಂದು ಕೊಬ್ಬು ಎಂದುಕೊಂಡು ದೊಡ್ಡವ ಬ್ರಷ್ ತಿರುವಿ ನೊರೆ ಎಬ್ಬಿಸಿದ, ಮುಖಕ್ಕೆ ಹಚ್ಚಿದ, ಹೊಸ ಬ್ಲೇಡು ಹಾಕಿದ.

ಬಲಗೆನ್ನೆ ಒಂದೇ ಎಳೆತಕ್ಕೆ ನುಣುಪಾಯಿತು. ನೋಡಲಿ ಮೇಷ್ಟ್ರು. ಕಿವಿಯ ಬುಡ, ದವಡೆಯ ಅಂಚು, ಎಲ್ಲೂ ಕೈ ತಡವರಿಸಲಿಲ್ಲ. ಎಡಗೆನ್ನೆಗೆ ಬಂದ, ಅದೂ ಮುಗಿಯಿತು. ಗಲ್ಲ ಎತ್ತಿಸಿ ಗಂಟಲ ಗಂಟಿನ ಸುತ್ತ ಬ್ಲೇಡನ್ನು ಸವರಿದ, ನೊರೆ ಗೆರೆಗೆರೆಯಾಗಿ ಬಂತು. ಪಟಿಕ ಉಜ್ಜುವುದಕ್ಕೂ ಏನಿರಲಿಲ್ಲ. ಚಿಕ್ಕವ ಎದ್ದ, ಕತ್ತರಿ ಬಾಚಣಿಗೆಗಳನ್ನು ಟವೆಲಿನಲ್ಲಿ ಸುತ್ತಿಕೊಂಡ, ತಲೆ ತಗ್ಗಿಸಿ ಮೆಟ್ಟಿಲಿಳಿದು ಹೋದ. ಮೇಷ್ಟ್ರು ಬಂದು ಬಾಗಿಲ ಕುರ್ಚಿಯಲ್ಲಿ ಕೂತು, ನಿನ್ನ ಕೈಯೇ ಕೈ ಅಂದರು. ದೊಡ್ಡವನಿಗೆ ಎಷ್ಟೋ ದಿನದಿಂದ ಇಲ್ಲದ ಹಿಗ್ಗು. ಮಣಿಕಟ್ಟು ಯಾಕೋ ನೋಯುತ್ತಿತ್ತು. ಮತ್ತೂ ನೋಯಿತು.

"ಬಿಡೋ ಕೈ" ಎಂದ, ಯಾರಿಗೆ ಎಂದು ತಿಳಿಯದೆ.

"ಮೊದಲು ಕಣ್ಣು ತೆಗಿ."

ಕಣ್ಣು ತೆಗೆದ. ಚಿಕ್ಕವ ಎಲ್ಲಿಗೂ ಹೋಗಿರಲಿಲ್ಲ. ಕುರ್ಚಿಯಲ್ಲೇ ಇದ್ದ, ಕತ್ತು ಎತ್ತಿಕೊಂಡೇ ಇದ್ದ. ಅವನ ಬಲಗೈ ದೊಡ್ಡವನ ಮಣಿಕಟ್ಟನ್ನು ಇಕ್ಕಳದಂತೆ ಹಿಡಿದಿತ್ತು. ಬ್ಲೇಡು ಗಂಟಲ ಗಂಟಿನ ಪಕ್ಕದಲ್ಲಿ, ಚರ್ಮಕ್ಕೆ ಕೂದಲೆಳೆಯಷ್ಟು ದೂರದಲ್ಲಿ ನಿಂತಿತ್ತು. ಎಡಗೆನ್ನೆಯ ತುಂಬ, ಗಂಟಲ ತುಂಬ, ಹಚ್ಚಿದ ನೊರೆ ಹಚ್ಚಿದ ಹಾಗೇ ಇತ್ತು. ದೊಡ್ಡವ ಮಾಡಿದ್ದು ಒಂದು ಕೆನ್ನೆ. ಮಿಕ್ಕದ್ದನ್ನೆಲ್ಲ ನಿಂತುಕೊಂಡೇ, ಕುರ್ಚಿಗೆ ಹೊಟ್ಟೆ ಒರಗಿಸಿಕೊಂಡು, ಕನಸಿನಲ್ಲಿ ಮಾಡಿದ್ದ.

ಮೇಷ್ಟ್ರು ಬೆಂಚಿನಿಂದ ಎದ್ದು ನಿಂತಿದ್ದರು. "ನಾನು ಕೂಗಿದೆನಲ್ಲಪ್ಪ, ಕೇಳಿಸ್ಲಿಲ್ವಾ?"

ದೊಡ್ಡವನಿಗೆ ಕೇಳಿಸಿರಲಿಲ್ಲ. ಭಯವಾಯಿತು. ಬ್ಲೇಡು ಹಿಡಿದು ಇಷ್ಟು ವರ್ಷವಾದ ಮೇಲೆ ಮೊದಲ ಸಲ, ತನ್ನ ಕೈ ನೋಡಿ ತನಗೇ ಭಯವಾಯಿತು.

ಚಿಕ್ಕವ ಅವನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಬಿಟ್ಟ. ಮುಂದಕ್ಕೆ ಬಾಗಿ ಕನ್ನಡಿಯಲ್ಲಿ ಗಂಟಲನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡ.

"ಗೀರಿಲ್ಲ" ಎಂದ. "ನೀನೇ ಗೆದ್ದೆ."

ಎದ್ದು ಬಟ್ಟೆ ಬಿಚ್ಚಿಟ್ಟ. ಒಳಗಿನ ಕುರ್ಚಿಗೆ ಹೋಗಿ ಕತ್ತರಿ, ಬಾಚಣಿಗೆ, ಮೆಷಿನ್ ಎಲ್ಲವನ್ನೂ ಟವೆಲಿನಲ್ಲಿ ಇಟ್ಟು ಗಂಟು ಕಟ್ಟತೊಡಗಿದ. ಅರ್ಧ ಮುಖದ ತುಂಬ ನೊರೆ ಹಾಗೇ ಇತ್ತು. ಸುಳ್ಳು ಸುಳ್ಳೇ ಕಟ್ಟುತ್ತಿರಲಿಲ್ಲ, ನಿಜವಾಗಿಯೂ ಹೊರಟಿದ್ದ. ಅಪ್ಪನ ಮಗನೇ ಅವನೂ, ಆಡಿದ ಮಾತಿಗೆ ತಪ್ಪುವವನಲ್ಲ. ದೊಡ್ಡವನಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿದ್ದು ಇದೇ. ಎರಡು ಏಟು ಹೊಡೆದಿದ್ದರೆ ತಡೆದುಕೊಳ್ಳಬಹುದಿತ್ತು.

"ಎಲ್ಲಿಗೆ?"

"ನೀನೇ ಹೇಳಿದ್ಯಲ್ಲ, ಆಚೆ."

"ಆ ಮುಖ ಹೊತ್ಕೊಂಡು ಬೀದಿಗೆ ಹೋಗ್ತೀಯಾ? ಯಾರು ಮಾಡಿದ್ದು ಅಂತ ಕೇಳಿದ್ರೆ ಯಾರ ಹೆಸರು ಹೇಳ್ತೀಯಾ?"

"ಹಂಗಾದ್ರೆ ಮುಗಿಸು." ಚಿಕ್ಕವ ಗಂಟು ಕೆಳಗಿಟ್ಟು ಬಂದು ಮತ್ತೆ ಕುರ್ಚಿಯಲ್ಲಿ ಕೂತ. ಗಲ್ಲ ಎತ್ತಿದ.

ಬ್ಲೇಡು ಇನ್ನೂ ದೊಡ್ಡವನ ಕೈಯಲ್ಲೇ ಇತ್ತು. ಅವನು ಬ್ಲೇಡನ್ನು ನೋಡಿದ, ತಮ್ಮನ ಗಂಟಲನ್ನು ನೋಡಿದ. ಚಿಕ್ಕಂದಿನಲ್ಲಿ ಈ ಗಂಟಲು ಹಿಡಿದು ಅದೆಷ್ಟು ಸಲ ಗೋಡೆಗೆ ಒತ್ತಿದ್ದನೋ. ಈಗ ಕೈ ಮುಂದೆ ಹೋಗಲಿಲ್ಲ.

ಅವನು ಬ್ಲೇಡನ್ನು ಹಿಡಿಯೊಳಗೆ ಮಡಚಿ, ಹಲಗೆಯ ಮೇಲೆ ತಮ್ಮನ ಕಡೆಗೆ ಇಟ್ಟ.

"ಬೆಳಿಗ್ಗೆ ಮುಗಿಸ್ತೀನಿ" ಎಂದ. "ಏಳು, ನನ್ನ ಕುರ್ಚಿ ಅದು."

ಹಿಂಬದಿಗೆ ಹೋಗಿ ಬಕೆಟ್ಟಿನ ಪಕ್ಕದಿಂದ ಕೈಚೀಲ ತಂದ. ಅದರ ತಳ ಒದ್ದೆಯಾಗಿತ್ತು, ಪ್ಯಾಂಟಿಗೆ ಒರೆಸಿದ. ಟ್ರಿಮ್ಮರಿನ ಪ್ಲಗ್ ಕಿತ್ತು ಸೊಂಡಿಲಿನ ಪ್ಲಗ್ ಚುಚ್ಚಿದ. ಬೀದಿಗೆ ಕಾಣುವ ಹಾಗೆ, ಮೇಷ್ಟ್ರ ಎದುರೇ, ಅಪ್ಪನ ಕುರ್ಚಿಯಲ್ಲಿ ಒರಗಿ ಮಾಸ್ಕನ್ನು ಮೂಗಿಗೆ ಏರಿಸಿದ. ಕನ್ನಡಿಯಲ್ಲಿ ಒಂದು ಮುದಿ ಆನೆ ಕಾಣಿಸಿತು. ಅವಮಾನದಿಂದ ಕಿವಿ ಕಾದಿತ್ತು. ಪಟ್ಟಿ ಬಿಗಿಯುವ ಮೊದಲು ಮಾಸ್ಕನ್ನು ಒಂದಿಷ್ಟು ಸರಿಸಿ, "ನಾನು ಏಳೋದ್ರೊಳಗೆ ಈ ಕುರ್ಚಿ ಮುಟ್ಟಿದ್ರೆ ಕೈ ಮುರೀತೀನಿ" ಎಂದ.

"ಮುಟ್ಟಲ್ಲ. ಬಾಯಿ ಮುಚ್ಕೊಂಡು ಮಲಗು."

ಗಾಳಿ ಮೂಗಿನೊಳಗೆ ಸಲೀಸಾಗಿ ಇಳಿಯಿತು. ಚಿಕ್ಕವ ಗಂಟು ಬಿಚ್ಚಿ ಕತ್ತರಿ ಬಾಚಣಿಗೆಗಳನ್ನು ಮತ್ತೆ ಹಲಗೆಯ ಮೇಲೆ ಜೋಡಿಸಿದ ಸದ್ದು ಕೇಳಿತು. ಮೇಷ್ಟ್ರು ಒಳಗಿನ ಕುರ್ಚಿಯಲ್ಲಿ ಕೂತ ಸದ್ದೂ ಕೇಳಿತು.

"ಮೊದಲು ನಿನ್ನ ಆ ಕೆನ್ನೆ ನೀನೇ ಕೆರ್ಕೊಳ್ಳಯ್ಯ" ಎಂದರು ಮೇಷ್ಟ್ರು. "ಸಂಜೆಯೆಲ್ಲ ಹಿಂಗೇ ಇರ್ತೀಯಾ?"

ಟವೆಲಿನಿಂದ ನೊರೆ ಒರೆಸಿಕೊಳ್ಳುತ್ತ ಚಿಕ್ಕವ ಹೇಳಿದ, "ಇರಲಿ ಮೇಷ್ಟ್ರೇ. ಬೆಳಿಗ್ಗೆ ನಮ್ಮಣ್ಣ ಮುಗಿಸ್ತಾನೆ."

ದೊಡ್ಡವನಿಗೆ ಅದು ಕೇಳಿಸಿತು. ಎದ್ದು ಏನಾದರೂ ಬಿರುಸಾಗಿ ಅನ್ನಬೇಕೆಂದು ಮಾತು ಹುಡುಕಿದ. ಮಾತು ಸಿಗುವ ಮೊದಲು ನಿದ್ದೆ ಬಂತು.