ಹನ್ನೆರಡು ತಾರೆ, ಒಂಬತ್ತು ನಿಮಿಷ

ಮಹಾವ್ಯಾಧ ನಕ್ಷತ್ರಪುಂಜದ ಹನ್ನೆರಡು ಉಜ್ಜ್ವಲ ತಾರೆಗಳ ವರ್ಗವನ್ನು ಒಂಬತ್ತು ನಿಮಿಷಗಳಲ್ಲಿ ನಿರ್ಣಯಿಸಿದವಳು ನಾನು. ಹಿಸ್ಸಾರ್ ಬೆಟ್ಟದ ಮೇಲಿನ ನಮ್ಮ ವೀಕ್ಷಣಾಲಯದಲ್ಲಿ ಅದಕ್ಕೆ ಮುಂಚೆ ಯಾರೂ ಅದನ್ನು ಮಾಡಿರಲಿಲ್ಲ. ಅನಂತರ ಮಾಡಿದವರನ್ನೂ ನಾನು ಕಾಣೆ.

ಅದು ೧೯೫೮ರ ವಸಂತ. ಐದು ವರ್ಷ ಛಾಯಾಚಿತ್ರದ ಗಾಜಿನ ಫಲಕಗಳನ್ನು ತೊಳೆದು ಒಣಗಿಸುತ್ತಿದ್ದ ನನಗೆ, ತಾರೆಗಳನ್ನು ವರ್ಗೀಕರಿಸುವ ಹುದ್ದೆಯ ಪರೀಕ್ಷೆಗೆ ಒಂದೇ ಒಂದು ಅವಕಾಶ ದೊರೆತಿತ್ತು. ಸೋತರೆ ಮತ್ತೆ ತೊಟ್ಟಿಯ ಮುಂದೆ, ಶಾಶ್ವತವಾಗಿ. ಪರೀಕ್ಷಿಸಲು ಲೆನಿನ್‌ಗ್ರಾಡಿನಿಂದ ಅಗ್ನಿಯಾ ಪಾವ್ಲೊವ್ನಾ ಬಂದಿದ್ದರು. ನನಗೆ ವಿದ್ಯೆಯನ್ನೆಲ್ಲ ಧಾರೆಯೆರೆದ ಉಸ್ತಾದ್ ಮಿರ್ಜೋನಜರ್ ಅವರೇ ಫಲಕವನ್ನು ಸೂಕ್ಷ್ಮದರ್ಶಕದ ಕೆಳಗೆ ಬಿಗಿದರು. ಸ್ಥಾನ ನೋಡಿ ಹೆಸರು ಊಹಿಸದಂತೆ ಕಪ್ಪು ಕಾಗದ ಹೊದಿಸಿ, ಹನ್ನೆರಡು ಸೀಳುಗಳನ್ನು ಮಾತ್ರ ಬಿಟ್ಟಿದ್ದರು. ಒಂದೊಂದು ಸೀಳಿನಲ್ಲಿ ಒಂದೊಂದು ತಾರೆಯ ಬೆಳಕು, ಗೆರೆಗಳುಳ್ಳ ಬೂದುಬಣ್ಣದ ಪಟ್ಟಿಯಾಗಿ ಹರಡಿತ್ತು. ಗಾಜನ್ನು ಅಭ್ಯರ್ಥಿ ಮುಟ್ಟಕೂಡದು. ಸಮಯ ಅರ್ಧ ಗಂಟೆ. ಎರಡು ತಪ್ಪಿನವರೆಗೆ ಕ್ಷಮೆ.

"ಏನಮ್ಮಾ ಸಬೋಹತ್, ಪೆನ್ಸಿಲನ್ನ ಅಷ್ಟು ಬಿಗಿಯಾಗಿ ಹಿಡಿದಿದೀಯ? ಫಲಕಾನ ತೊಳೆಯೋವಾಗ ಹೀಗೆ ಹಿಡೀತಿರಲಿಲ್ವಲ್ಲ!" ಎಂದು ಉಸ್ತಾದರು ನಕ್ಕರು.

"ಆಗ ನೀವು ಎದುರಿಗೆ ಕೂತಿರ್ತಿರಲಿಲ್ಲ ಉಸ್ತಾದ್," ಎಂದೆ.

ಮಹಾವ್ಯಾಧನಲ್ಲಿ ಒಂದೆರಡನ್ನು ಬಿಟ್ಟರೆ ಉಳಿದವೆಲ್ಲ ಕುದಿಯುವ ನೀಲಿ ತಾರೆಗಳು. ಅವನ್ನು 'ಬಿ' ವರ್ಗವೆಂದರೆ ಸಾಲದು. ಬಿಸಿಯ ಮೆಟ್ಟಿಲನ್ನೂ ಹೇಳಬೇಕು: ಬಿ ಸೊನ್ನೆಯೋ, ಎರಡೋ, ಎಂಟೋ. ಅದಕ್ಕೆ ಸಾಕ್ಷಿ ಹೀಲಿಯಂನ ತೆಳುಗೆರೆಗಳು. ಮೊದಲ ಸೀಳಿನಲ್ಲಿ ಅವು ಇರಬೇಕಾದ ಜಾಗದಲ್ಲಿರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಹತ್ತು ನಿಮಿಷ ಕಳೆಯಿತು, ಹದಿನೈದಾಯಿತು. ಹಾಳೆ ಖಾಲಿ. ಕಲಿತದ್ದೆಲ್ಲ ಅಳಿಸಿಹೋಯಿತೆಂದೇ ಅಂದುಕೊಂಡೆ.

ಏಳನೆಯ ಸೀಳಿನಲ್ಲಿ ಆರ್ದ್ರೆ ಸಿಕ್ಕಿದಳು. ಕೆಂಪು 'ಎಂ' ವರ್ಗದ ಆ ಅಗಲವಾದ ಪಟ್ಟೆಗಳು ಅಲ್ಲಿ ಬೇರೆ ಯಾರವೂ ಆಗಿರಲಾರವು. ಅವುಗಳ ಹರಿತವಾದ ಅಂಚು ಯಾವಾಗಲೂ ನೇರಳೆಯ ಕಡೆಗಿದ್ದು, ಮತ್ತೊಂದು ಅಂಚು ಕೆಂಪಿನತ್ತ ಕರಗುತ್ತದೆ. ನಮ್ಮ ಪದ್ಧತಿಯಲ್ಲಿ ನೇರಳೆ ಎಡಕ್ಕೆ. ಹರಿತವಾದ ಅಂಚು ಬಲಕ್ಕಿತ್ತು.

ಗಾಜು ಮಗುಚಿ, ಚಿತ್ರ ಮೂಡಿದ ಲೇಪದ ಮುಖ ಕೆಳಗಾಗಿ ಕುಳಿತಿತ್ತು. ಕೂರಿಸಿದವರು ಉಸ್ತಾದರು.

ಗುರುವಿನ ತಪ್ಪನ್ನು ಅತಿಥಿಯ ಮುಂದೆ ಎತ್ತಿ ಆಡುವುದು ನಮ್ಮವರಲ್ಲಿಲ್ಲ. ಮನಸ್ಸಿನಲ್ಲೇ ತಿರುಗಿಸಿ ಓದಲು ನೋಡಿದೆ. ಗಾಜಿನ ದಪ್ಪದೊಳಗಿಂದ ತೆಳುಗೆರೆಗಳು ಮಸುಕಾಗಿ, ಇನ್ನೂ ಮೂರು ನಿಮಿಷ ವ್ಯರ್ಥವಾಯಿತು.

"ಉಸ್ತಾದ್, ಫಲಕ ಮಗುಚಿದೆ."

ಅವರ ನಗು ನಿಂತಿತು. "ನೀನು ಹುಟ್ಟೋಕ್ ಮುಂಚಿಂದ ಫಲಕ ಬಿಗೀತಿದೀನಿ ಹುಡುಗಿ. ಬರೋದಿಲ್ಲ ಅಂದ್ರೆ ಬರೋದಿಲ್ಲ ಅನ್ನು. ಗಾಜಿನ ಮೇಲೆ ಯಾಕೆ ಹಾಕ್ತೀಯ?"

"ಆರ್ದ್ರೆಯ ಅಂಚು ನೋಡಿ. ನೀವೇ ಹೇಳ್ಕೊಟ್ಟಿದ್ದು."

ಅಗ್ನಿಯಾ ಪಾವ್ಲೊವ್ನಾ ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. "ನಾನು ಗಡಿಯಾರ ನಿಲ್ಲಿಸೋದಿಲ್ಲ. ಗಾಜು ಸರಿಯಾಗೇ ಇದ್ರೆ ಪರೀಕ್ಷೆ ಇಲ್ಲಿಗೇ ಮುಗೀತು. ಒಪ್ಪಿಗೇನಾ?"

"ಒಪ್ಪಿಗೆ."

ಉಸ್ತಾದರು ತಿರುಪು ಸಡಿಲಿಸಿದರು. ಬೆರಳನ್ನು ನಾಲಗೆಗೆ ತಾಗಿಸಿ ಕಾಗದದಾಚೆಯ ಮೂಲೆಗೆ ಒತ್ತಿದರು. ಲೇಪವಿರುವ ಮುಖ ಮೇಲಿದ್ದರೆ ಬೆರಳು ಅಂಟಬೇಕು. ಜಾರಿತು. ಮತ್ತೆ ಒತ್ತಿದರು. ಮತ್ತೆ ಜಾರಿತು.

ಕಾಗದಸಮೇತ ಫಲಕವನ್ನು ತಿರುಗಿಸಿ, ಬಿಗಿದು, ಪಕ್ಕಕ್ಕೆ ಸರಿದರು.

"ಒಂಬತ್ತು ನಿಮಿಷ," ಎಂದರು ಅಗ್ನಿಯಾ.

ಈಗ ಗೆರೆಗಳು ಕತ್ತಿಯ ಅಲಗಿನಂತೆ ಎದ್ದು ನಿಂತವು. ಉಸಿರೆಳೆದುಕೊಳ್ಳಲೂ ಹಾಳೆಯಿಂದ ಕೈ ಎತ್ತಲಿಲ್ಲ. ಹನ್ನೆರಡನೆಯದನ್ನು ಬರೆದಾಗ ಮುಳ್ಳು ಗಡುವನ್ನು ಮುಟ್ಟಿತ್ತು. ಹನ್ನೊಂದು ಸರಿ. ತಪ್ಪಿದ್ದು ಎಲ್ಲಕ್ಕಿಂತ ಪ್ರಖರವಾದ, ವ್ಯಾಧನ ಪಾದದ ತಾರೆಯೇ! ಬಿ ಎಂಟನ್ನು ಒಂಬತ್ತೆಂದಿದ್ದೆ.

"ನಿಮ್ಮ ಹುಡುಗಿಗೆ ನಾಲಗೆ ಉದ್ದ, ಮಿರ್ಜೋನಜರ್," ಎನ್ನುತ್ತ ಅಗ್ನಿಯಾ ಸಹಿ ಹಾಕಿದರು.

ಉಸ್ತಾದರು ಬೆರಳನ್ನು ಕರವಸ್ತ್ರದಲ್ಲಿ ನಿಧಾನವಾಗಿ ಒರೆಸಿಕೊಂಡರು. "ಅವಳ ಕಣ್ಣೋಟದಷ್ಟು ಉದ್ದ ಇಲ್ಲ ಬಿಡಿ."

ಇಷ್ಟು ವರ್ಷಗಳ ಮೇಲೆ ನನ್ನ ಬಾಯಿಂದ ಇದನ್ನು ಕೇಳುತ್ತಿದ್ದ ಮೊಮ್ಮಗಳು ಪರ್ವೋನಾ ನನ್ನ ತೋಳು ಜಗ್ಗಿದಳು. "ಬೀಬಿ, 'ಒಪ್ಪಿಗೇನಾ' ಅಂದ್ರಲ್ಲ, ಅಲ್ಲಿಂದ ಇನ್ನೊಂದ್ಸಲ ಹೇಳಿ. ಈ ಸಲ ಹೆದರಿದ್ದನ್ನೂ ಸೇರಿಸಿ ಹೇಳಿ."